ತಳದ ಮಣ್ಣು

ಮದ್ದೂರು ಎಂದರೆ ಎಲ್ಲರಿಗೂ ವಡೆ ನೆನಪಾಗುತ್ತದೆ. ನನಗೆ ಲ್ಯಾಬಿನ ಆಸಿಡ್ಡು. ಊರಿನ ತಪ್ಪೇನೂ ಇಲ್ಲ, ತಪ್ಪೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರ ಸಂಜೆ ಹೊತ್ತು ನಿಲ್ಲುವ ಗೋಬಿ ಮಂಚೂರಿ ಗಾಡಿಯದು. ಕಾದ ಬಾಣಲೆಗೆ ಅವನು ವಿನೆಗರ್ ಎರಚಿದ ಕೂಡಲೇ ಏಳುವ ಹುಳಿ ಹೊಗೆ ಮೂಗಿಗೆ ಬಡಿದರೆ ಸಾಕು, ಸೆರಗು ಮೂಗಿಗೆ ಹೋಗುತ್ತದೆ, ಕೈ ತಾನಾಗಿಯೇ ಗ್ಲೌಸು ಹುಡುಕುತ್ತದೆ. ಹೋದ ವಾರ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ಹಾಗೇ ಆಯಿತು. ಪಕ್ಕದಲ್ಲಿದ್ದ ಹೆಂಗಸು, "ಯಾಕಮ್ಮ, ಉಸಾರಿಲ್ವಾ?" ಎಂದು ಕೇಳಿದಳು. ಏನಿಲ್ಲ ಎಂದೆ. ಸುಳ್ಳು. ಆ ವಾಸನೆಯ ಹಿಂದೆ ನನ್ನ ಬದುಕಿನ ಒಂದು ಬೇಸಿಗೆಯೂ ಅದರ ಬೆನ್ನಿಗೇ ಬಂದ ಒಂದು ಮಳೆಗಾಲವೂ ಇವೆ.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಕೆರೆಯ ಕೆಸರಿನಲ್ಲಿ ಹುದುಗಿದ ಹಳೆಯ ಪರಾಗ ಹುಡುಕುವುದು ನನ್ನ ಕೆಲಸ. ಹೂವಿನ ಪರಾಗವನ್ನು ನಾವು ಧೂಳು ಎಂದುಕೊಂಡಿರುತ್ತೇವೆ, ಸೆರಗಿಗೆ ಹತ್ತಿದರೆ ಕೊಡವುತ್ತೇವೆ. ಅದರ ಹೊರಸಿಪ್ಪೆಯಷ್ಟು ಗಟ್ಟಿ ವಸ್ತುವನ್ನು ನಾನು ಬೇರೆ ನೋಡಿಲ್ಲ. ಕೆಸರಿನ ಮರಳು ಕರಗುವಂಥ ಆಸಿಡ್ಡಿನಲ್ಲಿ ಮುಳುಗಿಸಿ, ಆಮೇಲೆ ವಿನೆಗರ್ ವಾಸನೆಯ ಇನ್ನೊಂದು ಆಸಿಡ್ಡಿನಲ್ಲಿ ಕಾಯಿಸಿದರೂ ಸಿಪ್ಪೆ ಹಾಗೇ ಉಳಿಯುತ್ತದೆ. ಒಂದೊಂದು ಗಿಡದ್ದಕ್ಕೆ ಒಂದೊಂದು ಆಕಾರ. ಕೆರೆಯ ತಳದಲ್ಲಿ ವರ್ಷವರ್ಷವೂ ಪದರ ಪದರವಾಗಿ ಕೂತ ಕೆಸರನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಕಂಬದಂತೆ ತೆಗೆದರೆ, ಯಾವ ಕಾಲದಲ್ಲಿ ಸುತ್ತ ಯಾವ ಮರ ಇತ್ತು, ಯಾವಾಗ ಹುಲ್ಲು ಮಾತ್ರ ಉಳಿಯಿತು ಎಂದು ಎಣಿಸಿ ಹೇಳಬಹುದು. ಜರಿಗಿಡದ ಬೀಜಕಣ ಹೆಚ್ಚು ಸಿಕ್ಕರೆ ತೇವದ ಕಾಲ, ಅದು ಮಾಯವಾದರೆ ಮಳೆ ಕೈಕೊಟ್ಟ ಕಾಲ. ಮಂಡ್ಯದಲ್ಲಿ ನಮ್ಮಮ್ಮ ಇದನ್ನು ನೆಂಟರಿಗೆ, "ನಮ್ಮ ಹುಡುಗಿ ಧೂಳು ಎಣಿಸ್ತಾಳೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ನನಗೆ ಎಣಿಸಲು ಧೂಳೇ ಸಿಕ್ಕಿರಲಿಲ್ಲ. ಮೊದಲ ಕೆರೆಯಲ್ಲಿ ಬರೀ ಮರಳು. ಎರಡನೆಯದು ಬೇಸಿಗೆ ಬೇಸಿಗೆಗೂ ಬಿರುಕು ಬಿಟ್ಟು ಒಣಗುವ ಕೆರೆ. ಗಾಳಿ ಹೊಕ್ಕ ಕೆಸರಿನಲ್ಲಿ ಪರಾಗ ಉಳಿಯುವುದಿಲ್ಲ, ಆಸಿಡ್ಡಿಗೆ ಬಗ್ಗದ್ದು ಗಾಳಿಗೆ ಬಗ್ಗುತ್ತದೆ. ಐದು ವರ್ಷ ಹೀಗೆ ಹೋಗಿತ್ತು. ಅವಧಿಯನ್ನು ಎರಡು ಸಲ ಮುಂದೂಡಿಸಿಕೊಂಡಿದ್ದೆ. ನನ್ನ ಗೈಡು ಒಳ್ಳೆಯ ಮನುಷ್ಯರು, ಆದರೂ ಆ ವರ್ಷ ಯುಗಾದಿ ಕಳೆದ ಮೇಲೆ ಫೋನು ಮಾಡಿ, "ನೋಡಮ್ಮ, ಇನ್ನು ನನ್ನ ಕೈಯಲ್ಲಿ ಇಲ್ಲ. ಡಿಸೆಂಬರ್ ಒಳಗೆ ಕೊಡದಿದ್ದರೆ ರಿಜಿಸ್ಟ್ರೇಷನ್ನೇ ಹೋಗುತ್ತೆ" ಎಂದರು. ಆ ರಾತ್ರಿ ಅಮ್ಮನಿಗೆ ಏನೂ ಹೇಳದೆ ಉಂಡು ಮಲಗಿದೆ.

ಮೂರನೆಯ ಕೆರೆ ಸಿಕ್ಕಿದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಬರುವ ಊರಿನಲ್ಲಿ. ಹೆಸರು ಬೇಡ. ತೂಬಿನ ಕಟ್ಟೆಯ ಮೇಲೆ ಒಬ್ಬ ಮುದುಕರು ಟವೆಲ್ ಸುತ್ತಿಕೊಂಡು ಕೂತಿದ್ದರು. ಹೆಸರು ನಿಂಗಯ್ಯ. ಕೆರೆಯ ನೀರನ್ನು ತೂಬೆತ್ತಿ ಗದ್ದೆಗಳಿಗೆ ಸರದಿಯಂತೆ ಬಿಡುವ ನೀರುಗಂಟಿ. ನಾಲೆ ಬಂದು, ಬೋರ್‌ವೆಲ್ ಬಂದು ಕೆಲಸ ಅಷ್ಟಾಗಿ ಉಳಿದಿರಲಿಲ್ಲ. ಆದರೂ ಅವರು ದಿನಾ ಅಲ್ಲಿ ಕೂರುತ್ತಿದ್ದರು. ಈ ಕೆರೆ ಪೂರ್ತಿ ಒಣಗುತ್ತದೆಯೇ ಎಂದು ಕೇಳಿದೆ.

"ಆ ಗುಂಡಿ ಕಾಣ್ತದಲ್ಲ, ಎಮ್ಮೆ ಬಿದ್ಕಂಡವಲ್ಲ ಅದು, ಅದು ನಾ ಕಂಡಂಗೆ ಒಣಗಿಲ್ಲ. ನಮ್ಮಪ್ಪ ಕಂಡಂಗೂ ಒಣಗಿಲ್ಲ. ಯಾಕವ್ವ?"

ಯಾಕೆಂದು ಹೇಳಿದೆ. ಅವರು ತಲೆಯಾಡಿಸಿದರು. "ಅಂಗಾದ್ರೆ ಬೇಗ ನೋಡ್ಕೊ. ವೂಳು ತೆಗ್ಯಾಕೆ ಮಿಷಿನ್ ಬತ್ತದಂತೆ. ಇನ್ನೊಂದೆಂಟು ದಿನ."

ಹೂಳೆತ್ತುವುದು ಊರಿಗೆ ಒಳ್ಳೆಯದೇ, ನಾಲ್ಕು ಲೋಡು ಮಣ್ಣು ಹೊಲಕ್ಕೆ, ಉಳಿದದ್ದು ಇಟ್ಟಿಗೆ ಗೂಡಿಗೆ. ಬೇಡ ಎನ್ನಲು ನಾನು ಯಾರು? ಆದರೆ ಒಂದು ಸಲ ಮಿಷಿನ್ನಿನ ಬಾಯಿ ಆ ಗುಂಡಿಗೆ ಬಿತ್ತೆಂದರೆ ಪದರವೆಲ್ಲ ಕಲಸಿಹೋಗಿ ಬರೀ ಮಣ್ಣು ಉಳಿಯುತ್ತದೆ. ನಿಂಗಯ್ಯ ಪಂಚಾಯ್ತಿಯವರ ಹತ್ತಿರ ಮಾತಾಡಿ ಮಿಷಿನ್ನು ಏರಿಯ ಆ ತುದಿಯಿಂದ ಶುರು ಮಾಡುವಂತೆ ಒಪ್ಪಿಸಿದರು. ನನಗೆ ಆರು ದಿನ ಸಿಕ್ಕಿತು.

ಮೊದಲ ದಿನ ಅವರೊಂದು ಮಾತು ಹೇಳಿದರು. ಪೂಜೆ ಆಗದೆ ಕೆರೆ ತಳ ಮುಟ್ಟುವಂತಿಲ್ಲ. ಕಾಯಿ, ಕರ್ಪೂರ, ಒಂದು ಮಂಕರಿ ಚೆಂಡುಹೂ ತಂದೇಬಿಟ್ಟಿದ್ದರು. ಹೂ ನೋಡಿ ನಾನು ಹೌಹಾರಿದೆ. "ತಾತ, ಕೈ ಮುಗೀತೀನಿ, ಹೂ ಮಾತ್ರ ಬೇಡ. ಆ ಹೂವಿನ ಪುಡಿ ಒಂಚೂರು ಬಿದ್ರೂ ನನ್ನ ಕೆಲಸ ಕೆಟ್ಟುಹೋಗುತ್ತೆ." ಅವರು ಹೂವನ್ನೆಲ್ಲ ತೂಬಿನ ಹತ್ತಿರ ಒಯ್ದು ಅಲ್ಲೇ ಪೂಜೆ ಮುಗಿಸಿ, ಕೈಕಾಲು ತೊಳೆದುಕೊಂಡು ಬಂದರು. ಎಷ್ಟು ತಿಳಿವಳಿಕಸ್ಥರು ಎಂದುಕೊಂಡೆ.

ಆರು ದಿನದ ಬಿಸಿಲನ್ನು ನೆನೆದರೆ ಈಗಲೂ ನೆತ್ತಿ ಉರಿಯುತ್ತದೆ. ಗುಂಡಿಯಲ್ಲಿ ಮೊಣಕಾಲುದ್ದ ಕೆಸರು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮೂರು ಗಳ ಕಟ್ಟಿ ನಡುವೆ ಚೈನು. ಕಬ್ಬಿಣದ ಪೈಪನ್ನು ಸುತ್ತಿಗೆಯಿಂದ ಒಂದು ಮೊಳ ಕೆಳಗಿಳಿಸುವುದು, ಚೈನಿನಿಂದ ಎಳೆಯುವುದು, ಒಳಗಿನ ಕೆಸರಿನ ತುಂಡನ್ನು ಹಾಗೇ ಜಾರಿಸಿ ಪ್ಲಾಸ್ಟಿಕ್ ಸುತ್ತಿ ಗುರುತು ಬರೆಯುವುದು, ಮತ್ತೆ ಅದೇ ತೂತಿಗೆ ಪೈಪು ಇಳಿಸುವುದು. ಬೆಳಿಗ್ಗೆ ಒಂದು ತುಂಡು, ಊಟದ ಮೇಲೆ ಒಂದು. ಎಳೆಯುತ್ತಿದ್ದವರು ಗೆಜ್ಜಲಗೆರೆಯ ಫ್ಯಾಕ್ಟರಿಯೊಂದರಲ್ಲಿ ನೈಟ್ ಶಿಫ್ಟ್ ಮುಗಿಸಿ ಬೈಕಿನಲ್ಲಿ ನೇರ ಇಲ್ಲಿಗೇ ಬರುತ್ತಿದ್ದ ಇಬ್ಬರು.

"ಎಳೀಲಾ, ನಿದ್ದೆ ಒಡೀತಿದ್ದೀಯೇನ್ಲಾ?"

"ನೀ ಎಳ್ದಿರೋದ್ ಕಾಣ್ನಿಲ್ವಾ ನಾನು, ಮುಚ್ಕೊಂಡ್ ಇಡ್ಕೊಳ್ಲಾ!"

ಏರಿಯ ಆ ತುದಿಯಲ್ಲಿ ಮಿಷಿನ್ನು ಗುರ್ರೆನ್ನುತ್ತಿತ್ತು. ದಿನದಿಂದ ದಿನಕ್ಕೆ ಸದ್ದು ಹತ್ತಿರವಾಗುತ್ತಿತ್ತು. ಮಧ್ಯಾಹ್ನ ಎಲ್ಲರೂ ನಿಂಗಯ್ಯನವರ ಮನೆಗೇ ಊಟಕ್ಕೆ ಹೋಗುತ್ತಿದ್ದೆವು. ಅವರ ಹೆಂಡತಿ ಕೆಂಪಮ್ಮ ಬೇಡವೆಂದರೂ ಕೇಳುವವರಲ್ಲ. ನಿಂಗಯ್ಯ ಮಾತ್ರ ಆಮೇಲೆ ಬರುತ್ತಿದ್ದರು. ಎಮ್ಮೆಗಳು ತೂತು ತುಳಿದುಬಿಡುತ್ತವೆ, ನಾನು ಕಾಯುತ್ತೇನೆ, ನೀವು ಉಂಡು ಬನ್ನಿ ಎನ್ನುತ್ತಿದ್ದರು. ಅಂಥವರು ಸಿಕ್ಕಿದ್ದು ನನ್ನ ಪುಣ್ಯ ಎಂದು ಗೈಡಿಗೆ ಫೋನಿನಲ್ಲಿ ಹೇಳಿದ್ದೆ.

ನಾಲ್ಕನೇ ದಿನ ಬೂದುಬಣ್ಣದ ಕೆಸರು ಮುಗಿದು ಕಪ್ಪು ಜಿಗುಟು ಮಣ್ಣು ಬಂತು. ಅದು ಕೆರೆಯ ಕೆಸರಲ್ಲ. ಏರಿ ಕಟ್ಟುವ ಎಷ್ಟೋ ಮೊದಲು ಅಲ್ಲಿದ್ದ ಜೌಗಿನದು. ಮುಟ್ಟಿದರೆ ಬೆಣ್ಣೆಯ ಹಾಗೆ. ನನಗೆ ಬೇಕಿದ್ದದ್ದೇ ಅದು. ಆರನೇ ದಿನ ಊಟವಾದ ಮೇಲೆ ಇಳಿಸಿದ ಪೈಪು ಒಂದು ಗೇಣೂ ಇಳಿಯದೆ ಹಾಸುಬಂಡೆಗೆ ತಗುಲಿ ಟಣ್ಣೆಂದಿತು. ಅರೆ. ಒಟ್ಟು ಮೂರಾಳುದ್ದದ ಕೆಸರು ಹನ್ನೆರಡು ತುಂಡಾಗಿ ನನ್ನ ಕೈಗೆ ಬಂದಿತ್ತು. ಮರುದಿನ ಮಿಷಿನ್ನು ಗುಂಡಿಗಿಳಿಯಿತು.

ಲ್ಯಾಬಿನಲ್ಲಿ ಒಂದು ತಪ್ಪು ಮಾಡಿದೆ. ನಮ್ಮ ಕೆಲಸದ ಮೊದಲ ಪಾಠವೇ, ಪ್ರತಿ ತುಂಡಿನ ಮೇಲ್ತುದಿಯ ನಾಲ್ಕು ಬೆರಳನ್ನು ನಂಬಬಾರದು, ಕೆತ್ತಿ ಬಿಸಾಕಬೇಕು. ತೂತಿನ ಗೋಡೆಯಿಂದ ಏನಾದರೂ ಉದುರಿ ಅಲ್ಲಿ ಕೂತಿರುತ್ತದೆ. ನಾನು ಎರಡೇ ಬೆರಳು ಕೆತ್ತಿದೆ. ಐದು ವರ್ಷ ಕಾದು ಪಡೆದ ಮಣ್ಣು, ಕೈ ಬರಲಿಲ್ಲ. ಅಷ್ಟೇ ಅಲ್ಲ, ಎಲ್ಲರೂ ಮೇಲಿನಿಂದ ಶುರು ಮಾಡಿದರೆ ನಾನು ತಳದಿಂದ ಶುರು ಮಾಡಿದೆ. ತಡೆಯಲಾಗಲಿಲ್ಲ.

ತಳದ ಮೊದಲ ಸ್ಲೈಡಿನಲ್ಲೇ ಜರಿಗಿಡದ ಕಣ, ಮತ್ತಿಮರದ್ದು, ನೇರಳೆಯದು. ಕಣ್ಣು ತುಂಬಿತು. ಅದರ ಪಕ್ಕದಲ್ಲಿ ಗುಂಡಗೆ, ದೊಡ್ಡದಾಗಿ, ಕಣ್ಣಿನಂಥ ಒಂದೇ ತೂತಿರುವ ಒಂದು ಕಣ. ಹುಲ್ಲಿನ ಜಾತಿ, ಆದರೆ ಹುಲ್ಲಿಗೆ ಇಷ್ಟು ದೊಡ್ಡದು ಇರುವುದಿಲ್ಲ. ಬೆಳೆಯೇ ಇರಬೇಕು. ಅಷ್ಟು ಹಳೆಯ ಕಾಲದಲ್ಲಿ ಇಲ್ಲಿ ಬೇಸಾಯವೇ? ಖುಷಿಯಿಂದ ಗೈಡಿಗೆ ಫೋನು ಮಾಡಿದೆ. ಅವರು, "ಅಳತೆ ತಗೊಂಡು ಇನ್ನೊಂದು ಸಲ ನೋಡು" ಎಂದರು. ನೋಡಿದೆ. ಮುಸುಕಿನ ಜೋಳ. ಅದರ ಪಕ್ಕದಲ್ಲೇ ಮೈಯೆಲ್ಲ ಮುಳ್ಳಿನ ಇನ್ನೊಂದು, ಚೆಂಡುಹೂವಿನದು. ಎರಡೂ ನಾಲ್ಕೈದು ನೂರು ವರ್ಷದ ಈಚೆಗೆ ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದ ಗಿಡಗಳು. ಕೆರೆಯೇ ಇಲ್ಲದ ಕಾಲದ ಜೌಗಿನಲ್ಲಿ ಅವು ಇರಲು ಸಾಧ್ಯವೇ ಇಲ್ಲ.

ಆಮೇಲಿನ ಎರಡು ತಿಂಗಳು ನಾನು ಮನುಷ್ಯಳಾಗಿರಲಿಲ್ಲ. ಲ್ಯಾಬಿನ ನೀರನ್ನು ಅನುಮಾನಿಸಿದೆ, ಸೀಸೆಗಳನ್ನು ಅನುಮಾನಿಸಿದೆ, ನನ್ನ ತಲೆಗೂದಲನ್ನು ಅನುಮಾನಿಸಿ ಬಟ್ಟೆ ಕಟ್ಟಿಕೊಂಡು ಕೂತೆ. ಅಮ್ಮ ಹಬ್ಬಕ್ಕೆಂದು ತಂದ ಚೆಂಡುಹೂವನ್ನು ಮನೆಯ ಹೊರಗೆ ಎಸೆದು ಜಗಳವಾಡಿದೆ. ಇನ್ನೂ ನಾಲ್ಕು ತುಂಡುಗಳಲ್ಲಿ ಅದೇ ಜೋಳ, ಅದೇ ಮುಳ್ಳಿನ ಕಣ. ಒಂದು ಕಡೆ ಕೆಟ್ಟಿದ್ದರೆ ಎಲ್ಲ ಕಡೆಯೂ ಕೆಟ್ಟಿರಬಹುದು. ಯಾಕೆ ಕೆಟ್ಟಿತೆಂದು ಗೊತ್ತಾಗದಿದ್ದರೆ ಮೂರಾಳುದ್ದದ ಒಂದು ತುಂಡನ್ನೂ ಯಾರೂ ನಂಬುವುದಿಲ್ಲ. ಮತ್ತೆ ಹೋಗಿ ತೆಗೆಯೋಣವೆಂದರೆ ಕೆರೆ ಅರೆಯವರೆಗೆ ಬೋಳಾಗಿತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ, ಎಣಿಕೆಯ ಹಾಳೆಯಲ್ಲಿ ಜೋಳ ಎಂದು ಬರೆದದ್ದನ್ನು ಅಳಿಸಿ 'ಗುರುತು ಸಿಗದ ಕಣ' ಎಂದು ತಿದ್ದಿದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ದಿನ ಅದು ಹಾಗೇ ಇತ್ತು. ಆ ನಾಲ್ಕು ದಿನ ಮೈಕ್ರೋಸ್ಕೋಪಿನ ಹತ್ತಿರ ಹೋಗಲಿಲ್ಲ. ಐದನೇ ದಿನ ಮತ್ತೆ ಜೋಳ ಎಂದು ಬರೆದು, ನೋಟ್‌ಬುಕ್ ಬ್ಯಾಗಿಗೆ ಹಾಕಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ.

ಜಿಟಿಜಿಟಿ ಮಳೆ. ಕೆರೆಯಲ್ಲಿ ಕೆಂಪು ನೀರು ನಿಂತಿತ್ತು. ಎಮ್ಮೆ ಮಲಗುತ್ತಿದ್ದ ಗುಂಡಿ ಎಲ್ಲಿತ್ತೆಂದೇ ತಿಳಿಯಲಿಲ್ಲ. ನಿಂಗಯ್ಯ ಗೊಬ್ಬರದ ಚೀಲವನ್ನು ತಲೆಗೆ ಹೊದ್ದು ತೂಬಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಮುಖ ಅರಳಿತು.

"ಬಾರವ್ವ! ಏನಾಯ್ತು, ಕೆರೆ ಏನಾರ ಏಳ್ತಾ?"

ನಿಂತುಕೊಂಡೇ ಕೇಳಿದೆ. ತಾತ, ನಾವು ಊಟಕ್ಕೆ ಹೋದಾಗ ತೂತಿನ ಹತ್ತಿರ ಯಾರಾದರೂ ಬಂದಿದ್ದರಾ? ಮಕ್ಕಳು? ದನ?

"ಯಾರ್ನೂ ಬುಡ್ನಿಲ್ಲ ನಾನು. ಅದ್ಕೇ ಅಲ್ವಾ ಕಾಯ್ತಿದ್ದುದ್ದು."

"ಮತ್ತೆ ಒಳಗೆ ಮುಸುಕಿನ ಜೋಳದ ಪುಡಿ ಹೇಗೆ ಬಂತು? ಚೆಂಡುಹೂವಿಂದು ಹೇಗೆ ಬಂತು?"

ಅವರು ಹಿಂದೆಮುಂದೆ ನೋಡಲಿಲ್ಲ. "ಅದಾ? ನಾನೇ ಆಕ್ದೆ ಕಣವ್ವ. ನಮ್ಮೊಲದ ಮಣ್ಣು. ಒಂದಿಡಿ."

ಯಾಕೆ ಎಂದೆ.

"ಕೆರೆ ಮಣ್ಣ ಬರೀ ಕೈಲಿ ತಗೀಬಾರ್ದು. ನೀ ತಗ್ದಷ್ಟ್ ದಿನ ನಿನ್ನೊಲದ್ದು ಒಂದಿಡಿ ವಾಪಸ್ಸು ಕೊಡ್ಬೇಕು. ನಮ್ಮಪ್ಪ ಅಂಗೇ ಏಳ್ಕೊಟ್ಟಿದ್ದ. ಪ್ಯಾಟೆಯವ್ಳು, ನಿಂಗೆ ಒಲ ಎಲ್ಲೈತೆ? ಅದ್ಕೆ ನಾನೇ ನಿನ್ನೆಸ್ರಲ್ಲಿ ಆಕ್ದೆ. ಒಲದಲ್ಲಿ ಜ್ವಾಳ ಇತ್ತು, ಬದೀಗೆ ಚೆಂಡು ಆಕಿದ್ವಿ."

"ನಾನು ಹೇಳಿರಲಿಲ್ವಾ?" ಎಂದು ಕಿರುಚಿದೆ. "ಹೂ ಬೇಡ ಅಂತ ಮೊದಲ ದಿನವೇ ಹೇಳಿರಲಿಲ್ವಾ? ಹಾಳು ಮಾಡಿಬಿಟ್ರಲ್ಲ! ಐದು ವರ್ಷ ತಾತ, ಐದು ವರ್ಷ!"

"ಹೂ ಬ್ಯಾಡ ಅಂದೆ, ಹೂ ಆಕ್ನಿಲ್ಲ." ಅವರ ದನಿ ಸಣ್ಣಗಾಯಿತು. "ಮಣ್ಣ್ ಬ್ಯಾಡ ಅನ್ನಿಲ್ವಲ್ಲವ್ವ ನೀನು."

ಏರಿಯ ಮೇಲೆ ಮಳೆಯಲ್ಲಿ ಕೂತು ಅತ್ತೆ. ನಾಚಿಕೆಯೂ ಆಗಲಿಲ್ಲ. ಅವರು ಚೀಲವನ್ನು ತಂದು ನನ್ನ ತಲೆಗೆ ಹೊದಿಸಿ, ತಾವು ನೆನೆಯುತ್ತ ಪಕ್ಕದಲ್ಲಿ ಕೂತರು. ಆಮೇಲೆ ಕೇಳಿದರು, "ಪೂರಾ ಕೆಟ್ಟೋಯ್ತಾ?"

ಆಗ ನನ್ನ ತಲೆ ಓಡತೊಡಗಿತು. ಕಣ್ಣು ಒರೆಸಿಕೊಂಡು ಕೇಳಿದೆ, ಎಷ್ಟು ಸಲ ಹಾಕಿದಿರಿ? ಯಾವಾಗ ಯಾವಾಗ?

"ದಿನುಕ್ ಒಂದಪ. ನೀವು ಉಣ್ಣಾಕ್ ಓದ್ಮ್ಯಾಕೆ. ಮೊದಲ್ನೇ ದಿನ ಆಕ್ನಿಲ್ಲ, ಪೂಜೆ ಗಡಿಬಿಡೀಲಿ ಮರ್ತ್ಬುಟ್ಟೆ." ಬೆರಳು ಮಡಚಿ ಎಣಿಸಿ ಹೇಳಿದರು, "ಅದ್ಕೆ ಕಡೇ ದಿನ ಎಲ್ಡಿಡಿ ಆಕ್ದೆ."

ಸೆರಗಿನ ಮರೆಯಲ್ಲಿ ನೋಟ್‌ಬುಕ್ ಬಿಚ್ಚಿದೆ. ಪ್ರತಿದಿನ ಊಟಕ್ಕೆ ಎದ್ದಾಗ ಎಷ್ಟು ಆಳಕ್ಕೆ ನಿಲ್ಲಿಸಿದ್ದೆ ಎಂದು ಬರೆದಿಟ್ಟಿದ್ದೆ. ಎರಡನೇ ದಿನದಿಂದ ಆರನೆಯದರವರೆಗೆ ಐದು ಮಧ್ಯಾಹ್ನ. ಕೆಟ್ಟ ತುಂಡುಗಳು ಐದು, ಐದೂ ಊಟದ ಮೇಲೆ ಎಳೆದವು, ಮೊದಲ ನಾಲ್ಕರಲ್ಲಿ ಜೋಳ ಸಿಕ್ಕಿದ್ದು ಮೇಲ್ತುದಿಯಲ್ಲಿ ಮಾತ್ರ. ನಾನು ನಾಲ್ಕು ಬೆರಳು ಕೆತ್ತಿದ್ದರೆ ನಾಲ್ಕು ತುಂಡುಗಳಲ್ಲಿ ಅದು ಕಾಣುತ್ತಲೇ ಇರಲಿಲ್ಲ. ತಪ್ಪು ಅವರದೊಂದು ಹಿಡಿ, ನನ್ನದು ಎರಡು ಬೆರಳು. ಉಳಿದ ಕೆಸರೆಲ್ಲ ಶುದ್ಧವಾಗಿತ್ತು. ಪ್ರಬಂಧ ಬರೆಯಬಹುದಿತ್ತು.

ಆದರೆ ಐದನೆಯದು, ಕೊನೆಯದು, ತಳದ್ದು. ಗೇಣೂ ಇಲ್ಲದ ಚೂರು, ಎರಡು ಹಿಡಿ ಹೊಲದ ಮಣ್ಣು ಅದರುದ್ದಕ್ಕೂ ಕಲಸಿಹೋಗಿತ್ತು. ಕೆತ್ತಲು ಅಲ್ಲಿ ಜಾಗವೇ ಇರಲಿಲ್ಲ. ಅದರ ಸ್ವಲ್ಪ ಮೇಲಿನ ಪದರದಲ್ಲಿ ಜರಿಗಿಡ ಪೂರ್ತಿ ಮಾಯವಾಗಿ, ಎಷ್ಟೋ ತಲೆಮಾರು ಮಳೆ ಕೈಕೊಟ್ಟ ಗುರುತಿತ್ತು, ಅಲ್ಲಿಂದ ಮೇಲೆ ಜರಿ ಮತ್ತೆ ಮೊದಲಿನಷ್ಟು ಕಾಣಲೇ ಇಲ್ಲ. ಹಾಗೆ ಕೈಕೊಟ್ಟದ್ದು ಅದೇ ಮೊದಲೋ, ಅದಕ್ಕೂ ಹಿಂದೆ ಒಮ್ಮೆ ಕೈಕೊಟ್ಟು ಮತ್ತೆ ತಿರುಗಿ ಬಂದಿತ್ತೋ, ಹೇಳಬೇಕಾದದ್ದು ಆ ಚೂರು. ನನಗೆ ನಿಜವಾಗಿ ತಿಳಿಯಬೇಕಿದ್ದದ್ದು ಅದೊಂದೇ. ಒಮ್ಮೆ ಹೋದ ಮಳೆ ಈ ನೆಲಕ್ಕೆ ತಿರುಗಿ ಬರುತ್ತದೆಯೇ?

"ತಳದ್ದು ಒಂದು ಹೋಯ್ತು ತಾತ. ಅದು ಇನ್ನು ಯಾರಿಗೂ ಸಿಗಲ್ಲ" ಎಂದೆ.

"ತಳದ್ದಾ? ಅರೆ ಮ್ಯಾಲಿನ ಕರೀ ಮಣ್ಣಾ?" ಅವರು ಎದ್ದುನಿಂತರು. "ಅದು ನಮ್ಮನೇಲದಲ್ಲ! ಮಿಷಿನ್ನೋನು ಕಡೇಗೆ ಅರೆ ಕೆರೆಯೋವಾಗ ನಾನೇ ಇಳ್ದು ಒಂದ್ ಮಂಕ್ರಿ ತಂದಿದ್ದೆ. ಬೆಣ್ಣೆ ಅಂತಾ ಮಣ್ಣು. ಬಾ, ಬಾ, ಏಳು!"

ನಾನು ಓಡಿದೆ. ಏರಿಯ ಮೇಲೆ, ಜಾರುವ ಕೆಸರಿನಲ್ಲಿ, ಆ ವಯಸ್ಸಾದವರನ್ನು ಹಿಂದೆ ಬಿಟ್ಟು ಓಡಿದೆ. ಒಂದು ಹೆಂಟೆ ಸಾಕು. ಹೆಂಟೆಯ ಹೊರಗು ಕೆತ್ತಿ ನಡುವಿನದೊಂದು ಚಮಚ ತೆಗೆದರೂ ಸಾಕು. ಮುತ್ತತ್ತಿಯ ಆಂಜನೇಯನಿಗೆ ಹರಕೆ ಹೊತ್ತೆ. ದೇವರನ್ನು ನಂಬುವವಳಲ್ಲ ನಾನು, ಆ ಏರಿಯಷ್ಟುದ್ದ ನಂಬಿದೆ.

ಕೆಂಪಮ್ಮ ಬಾಗಿಲಲ್ಲೇ ಇದ್ದರು. ಏದುಸಿರು ಬಿಡುತ್ತ, ಕರೀ ಮಣ್ಣು ಎಲ್ಲಿ ಅಜ್ಜಿ ಎಂದೆ. ಅವರು ನಕ್ಕು ಒಳಗೆ ಕೈ ತೋರಿಸಿದರು.

ಅಡುಗೆಮನೆಯ ಮೂಲೆಯಲ್ಲಿ ಹೊಸ ಒಲೆ. ಮೂರು ಗುಂಡು, ನುಣುಪಾದ ಕಟ್ಟೆ, ಮೇಲೆ ರಂಗೋಲಿ. ಒಳಗೆ ಸೌದೆ ಧಗಧಗ ಉರಿಯುತ್ತಿತ್ತು.

"ಸಗಣಿ, ಬೂದಿ, ಅಸಿ ಉಲ್ಲು ಎಲ್ಲಾ ಆಕಿ ಚೆಂದಾಗಿ ತುಳ್ದು ಕಟ್ದೆ ಕಣವ್ವ. ಮೂರು ತಿಂಗ್ಳಾಯ್ತು, ಒಂದು ಬಿರುಕು ಬುಟ್ಟಿಲ್ಲ ನೋಡು" ಎಂದರು. "ಗ್ಯಾಸ್ ಅದೆ, ಆದ್ರೂ ಮುದ್ದೆಗೆ ಇದೇ ಸರಿ."

ಸಗಣಿಯಲ್ಲಿ ಈ ವರ್ಷದ ಎಲ್ಲ ಹುಲ್ಲಿನ ಪರಾಗ. ಅದರ ಮೇಲೆ ಬೆಂಕಿ. ಆಸಿಡ್ಡಿಗೆ ಬಗ್ಗದ್ದು ಬೆಂಕಿಗೆ ಬಗ್ಗುತ್ತದೆ. ನಾನು ಒಲೆಯ ಕಟ್ಟೆಯ ಮೇಲೆ ಕೈಯಿಟ್ಟೆ. ಬಿಸಿಯಾಗಿತ್ತು. ಕೈ ಹಾಗೇ ಇಟ್ಟುಕೊಂಡೆ.

ನಿಂಗಯ್ಯ ಬಾಗಿಲಿಗೆ ಬಂದು ನನ್ನನ್ನೂ ಒಲೆಯನ್ನೂ ನೋಡಿದರು. ಅವರಿಗೆ ಗೊತ್ತಾಯಿತು. "ಒಡ್ದು ಕೊಡ್ಲಾ ಮಗ?" ಎಂದು ಗೋಡೆಗೆ ಒರಗಿದ್ದ ಹಾರೆಗೆ ಕೈ ಹಾಕಿದರು. ಕೆಂಪಮ್ಮ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಮೇಲೆ ಸಾರು ಕುದಿಯುತ್ತಿತ್ತು.

"ಬೇಡ ತಾತ. ಪ್ರಯೋಜನ ಇಲ್ಲ" ಎಂದೆ.

ಡಿಸೆಂಬರಿನಲ್ಲಿ ಪ್ರಬಂಧ ಒಪ್ಪಿಸಿದೆ. ಐದು ಕಡೆ ಖಾಲಿ ಬಿಟ್ಟಿದ್ದೆ, ಕಾರಣ ಬರೆದಿದ್ದೆ, ಎರಡು ಬೆರಳಿನದನ್ನೂ ಬರೆದಿದ್ದೆ. ತಳದ ಪ್ರಶ್ನೆಯ ಮುಂದೆ 'ತಿಳಿಯದು' ಎಂದಷ್ಟೇ ಇದೆ. ಈಗಲೂ ವರ್ಷಕ್ಕೊಮ್ಮೆ ಆ ಮನೆಗೆ ಹೋಗುತ್ತೇನೆ, ಹೋದ ವಾರವೂ ಅಲ್ಲಿಗೇ ಹೊರಟಿದ್ದೆ. ಒಲೆ ಇನ್ನೂ ಬಿರುಕು ಬಿಟ್ಟಿಲ್ಲ.

ಆ ದಿನ ಕೆಂಪಮ್ಮ ನನ್ನನ್ನು ಒದ್ದೆ ಬಟ್ಟೆಯಲ್ಲೇ ಒಲೆಯ ಮುಂದೆ ಕೂರಿಸಿ, ತಟ್ಟೆಗೆ ಬಿಸಿ ಮುದ್ದೆ ಹಾಕಿ, ಮೇಲೆ ಸಾರು ಸುರಿದರು. ನಿಂಗಯ್ಯ ಉಣ್ಣಲಿಲ್ಲ. ಹಾರೆ ಹಿಡಿದುಕೊಂಡೇ ಬಾಗಿಲಲ್ಲಿ ಕೂತಿದ್ದರು. ನಾನು ಉಂಡರೆ ತಾವೂ ಉಣ್ಣುತ್ತಾರೆ ಎಂದು ತಿಳಿಯಿತು. ತುತ್ತು ಮುರಿದೆ. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು. ನುಂಗಿದೆ.